ಮರೆವಿನ ಮರ್ಮವನ್ನರಸಿದ ವೈದ್ಯರು

ಅರವತ್ತಕ್ಕೆ ಅರಳುಮರಳೆಂಬ ಮಾತು ನಮ್ಮ ನಾಡಿನಲ್ಲಿ ರೂಢವಾಗಿದೆಯಷ್ಟೆ. ಶಿವನಿ, ಅಜ್ಜಂಪುರಗಳಂಥ ಊರುಗಳಲ್ಲಿ ಮನೆಯ ಹಿರಿಯರು ಹೆತ್ತ ಮಕ್ಕಳ ಹೆಸರನ್ನು ಮರೆತರೆ, ನಡೆದು ಸವೆಸಿದ ದಾರಿಯಲ್ಲಿಯೇ ದಿಕ್ಕುಗಾಣದೆ ನಿಂತರೆ, ವಯೋಧರ್ಮವೆಂದು ಸುಮ್ಮನಾಗುವವರೇ ಬಹುಮಂದಿ. ಅದು ಮೆದುಳಿನ ವ್ಯಾಧಿಯಾಗಿರಬಹುದೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಜರ್ಮನಿಯ ಡಾಕ್ಟರ್ ಆಲೋಯಿಸ್ ಆಲ್ಝೈಮರ್ ಅವರು ಪ್ರಮುಖರು.

1864ರಲ್ಲಿ ಬವೇರಿಯಾ ಪ್ರಾಂತದ ಮಾರ್ಕ್ಟ್‌ಬ್ರೈಟ್‌ನಲ್ಲಿ ಜನಿಸಿದ ಇವರು 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮನೋರೋಗಿಗಳ ಆಸ್ಪತ್ರೆಯನ್ನು ಸೇರಿದರು. 1901ರ ಆದಿಯಲ್ಲಿ ಪತ್ನೀವಿಯೋಗವಾಯಿತು. ಅದೇ ನವೆಂಬರಿನಲ್ಲಿ ಆಗುಸ್ಟ್ ಡೇಟರ್ ಎಂಬ 51 ವರ್ಷದ ಗೃಹಿಣಿ ಆಸ್ಪತ್ರೆಗೆ ಬಂದಳು. ಸ್ವಂತ ಹೆಸರನ್ನು ಬರೆದು ಮುಗಿಸುವುದೂ ಆಕೆಗೆ ಅಸಾಧ್ಯವಾಗಿತ್ತು. ಆಲ್ಝೈಮರರು ಆಕೆಯ ಒಂದೊಂದು ಉತ್ತರವನ್ನೂ ತಾಳ್ಮೆಯಿಂದ ಬರೆದಿಟ್ಟರು. 1903ರಲ್ಲಿ ಮ್ಯೂನಿಕ್‌ಗೆ ಹೋದ ಮೇಲೂ ಆಕೆಯನ್ನು ಮರೆಯಲಿಲ್ಲ. 1906ರಲ್ಲಿ ಆಕೆ ತೀರಿಕೊಳ್ಳಲು, ಮೆದುಳನ್ನು ತರಿಸಿಕೊಂಡು ಬೆಳ್ಳಿಯ ಲವಣದಿಂದ ಬಣ್ಣಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ನಡುವೆ ಗಂಟುಗಳು, ಕೋಶಗಳೊಳಗೆ ಹುರಿಗೊಂಡ ನೂಲುಗಳು ಕಂಡವು. ಅಷ್ಟೇ ಅಲ್ಲ, ನರಗಳಿಗೆ ಆಸರೆಯಾದ ಕೋಶಗಳಲ್ಲಿ ಕೊಬ್ಬು ಕೂಡಿದುದನ್ನೂ ರಕ್ತನಾಳಗಳು ಕೆಟ್ಟುದನ್ನೂ ಅವರು ದಾಖಲಿಸಿದರು.

ಆ ನವೆಂಬರಿನಲ್ಲಿ ಟ್ಯೂಬಿಂಗೆನ್ ಸಭೆಯಲ್ಲಿ ಇದನ್ನು ನಿವೇದಿಸಿದಾಗ ವಿದ್ವಾಂಸರೊಬ್ಬರೂ ಪ್ರಶ್ನೆ ಕೇಳಲಿಲ್ಲ! 1910ರಲ್ಲಿ ಕ್ರೇಪೆಲಿನ್ ಪಂಡಿತರು ತಮ್ಮ ಗ್ರಂಥದಲ್ಲಿ ವ್ಯಾಧಿಗೆ ಆಲ್ಝೈಮರರ ಹೆಸರನ್ನಿಟ್ಟರು. 1912ರಲ್ಲಿ ಬ್ರೆಸ್ಲಾವು ವಿದ್ಯಾಪೀಠದ ಪ್ರಾಧ್ಯಾಪಕ ಪದವಿ ದೊರೆಯಿತು. 1915ರ ಡಿಸೆಂಬರಿನಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿಯೇ, ಕಾಲವಶರಾದರು.

ಅವರು ಕಂಡುದೆಲ್ಲವನ್ನೂ ಮುಂದಿನವರು ಸಮನಾಗಿ ಗಮನಿಸಲಿಲ್ಲವೆಂದೇ ಹೇಳಬೇಕು. ಗಂಟುಗಳಲ್ಲಿರುವ ಅಮಿಲಾಯ್ಡ್ ಪ್ರೋಟೀನು 1984ರಲ್ಲಿ ಗುರುತಾದ ತರುವಾಯ ಸಂಶೋಧನೆಯ ಬಹುಭಾಗ ಅದರ ಬೆನ್ನು ಹತ್ತಿತು. ಅದನ್ನು ಕರಗಿಸುವ ಔಷಧಗಳೂ ಬಂದವು. ರೋಗದ ನಡೆ ಕೊಂಚ ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ವೃದ್ಧಾಪ್ಯದಲ್ಲಿ ಬರುವ ಈ ರೋಗಕ್ಕೆ ಮುಖ್ಯವಾದ ಆನುವಂಶಿಕ ಕಾರಣವೊಂದು 1993ರಲ್ಲಿ ಪತ್ತೆಯಾದಾಗ, ಅದು ಕೊಬ್ಬನ್ನು ಹೊರುವ ಪ್ರೋಟೀನಿನದಾಗಿತ್ತೆಂಬುದು ಗಮನಾರ್ಹ. ಈಗಿನ ಸಿಸ್ಟಮ್ಸ್ ಬಯಾಲಜಿ, ಎಂದರೆ ವ್ಯವಸ್ಥಾ ಜೀವಶಾಸ್ತ್ರವು, ಜೀನು, ಪ್ರೋಟೀನು, ಕೊಬ್ಬು, ರಕ್ತನಾಳ, ರಕ್ಷಕ ಕೋಶಗಳನ್ನು ಒಂದೇ ಬಲೆಯ ಎಳೆಗಳೆಂದೆಣಿಸಿ, ಒಂದನ್ನೆಳೆದರೆ ಯಾವುದು ಮಿಡಿಯುವುದೆಂದು ಗಣಕದಲ್ಲಿ ಲೆಕ್ಕಹಾಕುತ್ತದೆ. ಆಲ್ಝೈಮರರ ಗಾಜಿನ ಫಲಕಗಳಲ್ಲಿ ಈ ಎಳೆಗಳಲ್ಲಿ ಹಲವು ಆಗಲೇ ಇದ್ದುವು.

ನಮ್ಮಲ್ಲಿಯೂ ಕೆಲಸ ಸಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೆದುಳುಗಳ ಭಂಡಾರವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ದಾಟಿದ 10,000 ಗ್ರಾಮಸ್ಥರನ್ನು ಪರೀಕ್ಷಿಸುವ ಗುರಿಯಿಟ್ಟು, ಅವರ ಜ್ಞಾಪಕಶಕ್ತಿ, ರಕ್ತ, ಜೀನುಗಳು, ಮೆದುಳಿನ ಚಿತ್ರಗಳನ್ನು ವರ್ಷಗಳ ಕಾಲ ಮತ್ತೆ ಮತ್ತೆ ತಾಳೆನೋಡುತ್ತಿದ್ದಾರೆ. ಆಲ್ಝೈಮರರಿಗೆ ಮೆದುಳು ದೊರೆತದ್ದು ರೋಗಿ ಸತ್ತ ಮೇಲೆ; ಇಲ್ಲಿಯಾದರೋ ಮರೆವು ಮೊಳೆಯುವುದಕ್ಕೆ ಮೊದಲೇ ಪರೀಕ್ಷೆ ಆರಂಭವಾಗುತ್ತದೆ.