ಘಾಟಗೆಯವರ ವಿಮಾನ, ಸಂಪಿಗೆಯ ಅಟ್ಟ

ವಿಷ್ಣು ಮಾಧವ ಘಾಟಗೆ ಅಂದ್ರೆ ನಮ್ಮ ಕ್ಲಾಸಿನಲ್ಲಿ ನಾಲ್ಕು ಜನ ಕೂಡ ತಲೆ ಎತ್ತೋದಿಲ್ಲ. ವಿಶ್ವೇಶ್ವರಯ್ಯನವರು ಎಲ್ಲರಿಗೂ ಗೊತ್ತು, ಕಲಾಂ ಗೊತ್ತು, ಧವನ್ ಹೆಸರು ಶ್ರೀಹರಿಕೋಟಾದಿಂದ ರಾಕೆಟ್ ಹಾರಿದಾಗಲೆಲ್ಲ ಟಿವಿಯಲ್ಲಿ ಬರುತ್ತೆ. ವಿಮಾನ ಕಟ್ಟುವವರ ನಡುವೆ ಮಾತ್ರ ಘಾಟಗೆ ದೊಡ್ಡ ಹೆಸರು. ಭಾರತದಲ್ಲೇ ಲೆಕ್ಕ ಹಾಕಿ, ಭಾರತದಲ್ಲೇ ಕಟ್ಟಿ, ಸಾಲಾಗಿ ತಯಾರಿಸಿ ವಾಯುಪಡೆಗೆ ಕೊಟ್ಟ ಮೊದಲ ವಿಮಾನ ಎಚ್‌ಟಿ-2 ಅವರ ತಂಡದ್ದು. ಅದೂ ನಮ್ಮ ಬೆಂಗಳೂರಿನಲ್ಲಿ.

ಅವರು ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಸೀಮೆಯ ಹಸೂರ್‌ಚಂಪು ಅನ್ನೋ ಹಳ್ಳಿಯಲ್ಲಿ. ಗಡಹಿಂಗ್ಲಜ ಪಕ್ಕದ ಊರು. ಮನೆ ಮಾತು ಮರಾಠಿ, ಸಂತೆಯಲ್ಲಿ ಕನ್ನಡವೂ ಕೇಳಿಬರುವ ಗಡಿಸೀಮೆ ಅದು. ಮುಂಬೈಯಲ್ಲಿ ಓದಿ, ಅಲ್ಲಿಂದ ಜರ್ಮನಿಯ ಗಟಿಂಗೆನ್‌ಗೆ ಹೋದರು. ಅಲ್ಲಿ ಅವರಿಗೆ ಸಿಕ್ಕ ಗುರು ಲುಡ್ವಿಗ್ ಪ್ರಾಂಟ್ಲ್. ಫ್ಲುಯಿಡ್ ಮೆಕ್ಯಾನಿಕ್ಸ್ ಪೇಪರಿನಲ್ಲಿ ನಾವು ಬೌಂಡರಿ ಲೇಯರ್ ಅಂತ ಉರು ಹೊಡೆದು ಬರೆದು ಬರ್ತೀವಲ್ಲ, ಅದನ್ನು 1904ರಲ್ಲಿ ಜಗತ್ತಿನ ಮುಂದಿಟ್ಟವರು ಇದೇ ಪ್ರಾಂಟ್ಲ್.

ಬೌಂಡರಿ ಲೇಯರ್ ಅರ್ಥ ಆಗ್ಬೇಕಾದ್ರೆ ತೆಂಗಿನ ತೋಟದ ಕಾಲುವೆ ಸಾಕು. ಪಂಪ್ ಬಿಟ್ಟಾಗ ನಡುವಿನ ನೀರು ಸರಸರ ಓಡುತ್ತೆ, ದಡಕ್ಕೆ ತಾಗಿದ ನೀರು ತೆವಳುತ್ತೆ, ಮಣ್ಣಿಗೆ ಅಂಟಿಕೊಂಡ ನೀರು ಹೆಚ್ಚುಕಡಿಮೆ ನಿಂತೇ ಇರುತ್ತೆ. ರೆಕ್ಕೆಯ ಮೇಲೆ ಗಾಳಿಯದ್ದೂ ಇದೇ ಕಥೆ. ಮೇಲ್ಮೈಗೆ ಹತ್ತಿದ ಆ ತೆಳು ಪದರ ರೆಕ್ಕೆಯನ್ನು ಬಿಟ್ಟು ಕಿತ್ತುಕೊಂಡಿತೋ, ಎತ್ತುವ ಬಲ ಕುಸಿಯುತ್ತೆ, ವಿಮಾನ ಬೀಳುತ್ತೆ. ಸ್ಟಾಲ್ ಅನ್ನೋದು ಅದನ್ನೇ. ಘಾಟಗೆ ಈ ವಿದ್ಯೆಯನ್ನು ಕಲಿತಿದ್ದು ಅದನ್ನು ಕಂಡುಹಿಡಿದವರ ಕೈಕೆಳಗೇ. 1930ರ ದಶಕದಲ್ಲೇ ಡಾಕ್ಟರೇಟ್ ಪಡೆದು ಊರಿಗೆ ವಾಪಸಾದರು. ಆಗ ಈ ವಿದ್ಯೆಗೆ ನಮ್ಮ ದೇಶದಲ್ಲಿ ಕೆಲಸವೇ ಇರಲಿಲ್ಲ. ವಿಮಾನ ಕಾರ್ಖಾನೆ ಅಂತ ಒಂದು ಇದ್ರೆ ತಾನೆ!

ಕಾರ್ಖಾನೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ವಾಲಚಂದ್ ಹೀರಾಚಂದ್ ದುಡ್ಡು ಹಾಕಿದರು, ಮೈಸೂರು ಸರ್ಕಾರ ಪಾಲುಗಾರಿಕೆ ಜೊತೆಗೆ ಬೆಂಗಳೂರಿನ ಹೊರಗೆ ಜಾಗವನ್ನೂ ಕೊಟ್ಟಿತು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಯುದ್ಧದ ಕಾಲ. ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸೋದು, ಆಮೇಲೆ ಅಮೆರಿಕನ್ ಪಡೆಯ ವಿಮಾನಗಳನ್ನು ರಿಪೇರಿ ಮಾಡೋದು, ಇದೇ ಅಲ್ಲಿನ ಮುಖ್ಯ ಕೆಲಸ. ಇಂಥದ್ದರ ನಡುವೆ ಘಾಟಗೆ ಹತ್ತು ಜನ ಸೈನಿಕರು ಕೂರುವ ಜಿ-1 ಗ್ಲೈಡರ್ ವಿನ್ಯಾಸ ಮಾಡಿದರು. 1942ರ ಕೊನೆಗೆ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಬೆಂಗಳೂರಿನ ಹಳಬರು ಐಐಎಸ್‌ಸಿಯನ್ನು ಈಗಲೂ ಹಾಗೇ ಕರೀತಾರೆ) ವಿಮಾನ ಎಂಜಿನಿಯರಿಂಗ್ ವಿಭಾಗ ತೆರೆದಾಗ ಅದನ್ನು ಕಟ್ಟಿ ನಿಲ್ಲಿಸುವ ಹೊಣೆಯೂ ಅವರ ಹೆಗಲಿಗೇ ಬಿತ್ತು. ಇಂದು ಏರೋನಾಟಿಕಲ್ ಓದುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಾರಿಯಲ್ಲಿ ಆ ವಿಭಾಗದ ಋಣದಲ್ಲಿದ್ದಾರೆ ಅಂತ ನಮಗನಿಸುತ್ತೆ.

ಸ್ವಾತಂತ್ರ್ಯ ಬಂದಾಗ ನಮ್ಮ ಹುಡುಗರು ಹಾರಾಟ ಕಲಿಯುತ್ತಿದ್ದದ್ದು ಟೈಗರ್ ಮಾತ್‌ನಲ್ಲಿ. ಮರ, ಕಬ್ಬಿಣದ ಕೊಳವೆ, ಬಟ್ಟೆಯ ಹೊದಿಕೆಯ ಜೋಡಿರೆಕ್ಕೆಯ ಬ್ರಿಟಿಷ್ ವಿಮಾನ. ಬೆಂಗಳೂರಿನ ಕಾರ್ಖಾನೆ ಪ್ರೆಂಟಿಸ್ ಅನ್ನೋ ಇನ್ನೊಂದು ಬ್ರಿಟಿಷ್ ತರಬೇತಿ ವಿಮಾನವನ್ನು ಪರವಾನಗಿ ಪಡೆದು ತಯಾರಿಸುತ್ತಿತ್ತು. ಪರವಾನಗಿ ದಾರಿ ಸಲೀಸು: ನಕ್ಷೆ ಅವರದ್ದು, ತಪ್ಪಾದ್ರೆ ತಲೆನೋವೂ ಅವರದ್ದು. ಸ್ವಂತ ನಕ್ಷೆ ಹಾಕಿದರೆ ಹಾಗಲ್ಲ. ಆಗಷ್ಟೇ ಹಾರಲು ಕಲಿಯುವ ಇಪ್ಪತ್ತರ ಹುಡುಗ ನಮ್ಮ ಲೆಕ್ಕ ನಂಬಿ ಆಕಾಶಕ್ಕೆ ಹೋಗ್ತಾನೆ. ಘಾಟಗೆ ಎರಡನೇ ದಾರಿ ಹಿಡಿದರು.

1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ ಎಚ್‌ಟಿ-2 ಹಾರಿಸಿದರು. ಪೂರ್ತಿ ಲೋಹದ ಮೈ, ಕೆಳಗೆ ಜೋಡಿಸಿದ ಒಂಟಿ ರೆಕ್ಕೆ, ಒಬ್ಬರ ಹಿಂದೊಬ್ಬರು ಕೂರುವ ಎರಡು ಸೀಟು, ಬಾಲದಲ್ಲಿ ಪುಟ್ಟ ಚಕ್ರ. ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್, ಪೂರ್ತಿ ತುಂಬಿದಾಗ ತೂಕ 1016 ಕೆಜಿ. ತಯಾರಿಕೆಗೆ ಹೋದ ವಿಮಾನಗಳಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಲಾಗ ಹಾಕಲು, ಉರುಳಲು, ತಲೆಕೆಳಗಾಗಲು ತಡೆಯುವ ಗಟ್ಟಿತನ ಇತ್ತು. ತರಬೇತಿ ವಿಮಾನಕ್ಕೆ ಅದು ಬೇಕೇಬೇಕು, ಯಾಕಂದ್ರೆ ಕಲಿಯುವವನು ಬೇಕಂತ ಲಾಗ ಹಾಕದಿದ್ರೂ ಬೇಡದೆ ಹಾಕ್ತಾನೆ. ಸುಮಾರು 170 ವಿಮಾನ ತಯಾರಾದವು. 1950ರ ದಶಕದ ಕೊನೆಗೆ ಹನ್ನೆರಡು ವಿಮಾನಗಳು ಘಾನಾ ದೇಶಕ್ಕೂ ಹೋದವು, ಅಲ್ಲಿನ ಹೊಸ ವಾಯುಪಡೆ ಕಣ್ಣುಬಿಟ್ಟಿದ್ದು ಇವುಗಳ ಜೊತೆಗೇ. ಮೂರು ದಶಕಕ್ಕೂ ಹೆಚ್ಚು ಕಾಲ ನಮ್ಮ ಪೈಲಟ್‌ಗಳು ಅದರಲ್ಲಿ ಅಕ್ಷರಾಭ್ಯಾಸ ಮಾಡಿದರು.

ನಾವು ಈ ಎಚ್‌ಟಿ-2 ಹಿಂದೆ ಬಿದ್ದದ್ದು ತುರುವೇಕೆರೆ ತಾಲೂಕಿನ ಸಂಪಿಗೆಯಿಂದ. ನಮ್ಮ ಜೊತೆಯವನೊಬ್ಬನ ಸೋದರಮಾವ ಬೆಂಗಳೂರಿನಲ್ಲಿ ವಿಮಾನದ ತಗಡು ಬಡಿಯುವ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಬಂದು ತೋಟ ನೋಡಿಕೊಂಡಿದ್ದವರು. ಹೋಗುವ ಮುಂಚೆ ರೇಡಿಯೊದಿಂದ ಹಾರಿಸುವ ಎಚ್‌ಟಿ-2 ಮಾದರಿಯೊಂದನ್ನು ಬಾಲ್ಸಾ ಮರ, ಪ್ಲೈವುಡ್‌ನಲ್ಲಿ ಕಟ್ಟಿದ್ದರು. ನಿಜದ ಕಾಲು ಭಾಗ ಅಳತೆ, ಅಂದ್ರೆ ರೆಕ್ಕೆಯ ಉದ್ದ 2.68 ಮೀಟರ್. ಅವರು ತೀರಿಕೊಂಡ ಮೇಲೆ ಅದು ಕೊಬ್ಬರಿ ಅಟ್ಟಕ್ಕೆ ಹೋಯಿತು. ನಮ್ಮ ಕಡೆ ಉಂಡೆ ಕೊಬ್ಬರಿಗೆ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಲು ಬಿಡೋದು ಗೊತ್ತೇ ಇದೆಯಲ್ಲ. ಆ ಒಣ ಹವೆಯೇ ಮರವನ್ನು ಕಾಪಾಡಿತ್ತು. ಇಲಿಗಳಿಗೆ ಕೊಬ್ಬರಿಯಷ್ಟು ಬಾಲ್ಸಾ ರುಚಿಸಲಿಲ್ಲ ಅಂತ ಕಾಣುತ್ತೆ, ಎಡ ರೆಕ್ಕೆಯ ಎರಡು ಪಕ್ಕೆಲುಬು ಮಾತ್ರ ಹೋಗಿದ್ದವು. ಎಂಜಿನ್ ಮುಸುಕಿನೊಳಗೆ ಕಡಜದ ಗೂಡು.

ರಿಪೇರಿಯ ಮೊದಲ ದಿನವೇ ಜಗಳ ಶುರುವಾಯಿತು. ಮೈಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಬಳಿದು ಗಟ್ಟಿ ಮಾಡೋಣ ಅಂತ ಅರ್ಧ ಜನ. ಬೇಡ, ತೂಕ ಏರುತ್ತೆ ಅಂತ ಇನ್ನರ್ಧ. ಕೊನೆಗೆ ಕ್ಯಾಲ್ಕುಲೇಟರ್ ತೀರ್ಮಾನ ಮಾಡಿತು. ಅಳತೆ ಕಾಲು ಭಾಗ ಆದ್ರೆ ರೆಕ್ಕೆಯ ವಿಸ್ತೀರ್ಣ ಹದಿನಾರನೇ ಒಂದು, ತೂಕ ಅರವತ್ನಾಲ್ಕನೇ ಒಂದು: 1016 ಕೆಜಿಗೆ ಸುಮಾರು 16 ಕೆಜಿ. ನಮ್ಮದು 11 ಕೆಜಿ ಇತ್ತು, ಹಾಗಾದ್ರೆ ಇನ್ನೂ ಐದು ಕೆಜಿಗೆ ಜಾಗ ಇದೆ ಅನ್ನೋದು ಮೊದಲ ಗುಂಪಿನ ವಾದ. ಇಲ್ಲೇ ಪ್ರಾಂಟ್ಲ್ ಬಂದು ಕೂತದ್ದು. ಸಣ್ಣ ರೆಕ್ಕೆ, ಕಡಿಮೆ ವೇಗ ಅಂದ್ರೆ ರೇನಾಲ್ಡ್ಸ್ ಸಂಖ್ಯೆ ನಿಜ ವಿಮಾನದ ಎಂಟನೇ ಒಂದರ ಆಸುಪಾಸು. ಅಲ್ಲಿ ಗಾಳಿಯ ಪದರ ಬೇಗ ಕಿತ್ತುಕೊಳ್ಳುತ್ತೆ. ನಿಜ ವಿಮಾನ ಸಹಿಸುವ ಕೋನವನ್ನು ಮಾದರಿ ಸಹಿಸೋದಿಲ್ಲ. 11 ಕೆಜಿಗೆ ಗಂಟೆಗೆ 44 ಕಿ.ಮೀ. ಹತ್ತಿರ ಸ್ಟಾಲ್ ಆಗುವ ರೆಕ್ಕೆ 16 ಕೆಜಿಗೆ 53ರಲ್ಲೇ ಆಗಿಬಿಡುತ್ತೆ. ಆ ವೇಗದಲ್ಲಿ ಕಟಾವಾದ ರಾಗಿ ಹೊಲಕ್ಕೆ ಇಳಿಸೋದು ಹುಡುಗಾಟ ಅಲ್ಲ. ಬಟ್ಟೆಯ ಮಾತು ಅಲ್ಲಿಗೆ ನಿಂತಿತು.

ಬಾಲದ ಕಡೆಗಂತೂ ಒಂದೊಂದು ಗ್ರಾಂಗೂ ಲೆಕ್ಕ. ಬಾಲ ಉದ್ದ, ಮೂತಿ ಗಿಡ್ಡ. ಹಿಂದೆ ಒಂದು ಗ್ರಾಂ ಅಂಟು ಹಾಕಿದ್ರೆ ಮುಂದೆ ಎರಡು ಮೂರು ಗ್ರಾಂ ಸೀಸ ಕಟ್ಟಬೇಕು. ಹಳೆಯ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಂತಿ ಕರಿಯಾಗಿತ್ತು, ಮೇಲೆ ನೋಡಿದ್ರೆ ಚೆನ್ನಾಗಿದೆ, ಒಳಗೆ ಪುಡಿ. ಎಲ್ಲ ತಂತಿ, ಸರ್ವೊ, ರಿಸೀವರ್ ಹೊಸದು ಹಾಕಿದೆವು. ಕೀಲುಗಳನ್ನು ಒಂದೊಂದಾಗಿ ಕೈಯಲ್ಲಿ ಎಳೆದು ನೋಡಿದೆವು, ಸಡಿಲ ಇದ್ದ ಕೀಲು ವೇಗದಲ್ಲಿ ಪಟಪಟ ಬಡಿದುಕೊಂಡು ರೆಕ್ಕೆಯನ್ನೇ ಕಿತ್ತುಹಾಕುತ್ತೆ. ಎಂಜಿನ್ ಕೂರಿಸುವ ಪ್ಲೈವುಡ್ ಎಣ್ಣೆ ಕುಡಿದು ಮೆತ್ತಗಾಗಿತ್ತು, ಅದನ್ನು ಕೆತ್ತಿ ತೆಗೆದು ಹೊಸದು ಕೂರಿಸಲು ಎರಡು ಭಾನುವಾರ ಹಿಡಿಯಿತು. ಪಕ್ಕೆಲುಬುಗಳನ್ನು ಮಾತ್ರ ಮಾವನವರ ಹಳೆ ನಕ್ಷೆಯ ಪ್ರಕಾರವೇ ಕತ್ತರಿಸಿದೆವು. ಆ ವಕ್ರರೇಖೆ ತಿದ್ದುವ ಯೋಗ್ಯತೆ ನಮಗೆ ಯಾರಿಗೂ ಇರಲಿಲ್ಲ.

ಇನ್ನು ಘಾಟಗೆಯವರ ಮುಂದಿನ ಕಥೆ. 1956ರಲ್ಲಿ ಸರ್ಕಾರ ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಬೆಂಗಳೂರಿಗೆ ಕರೆಸಿತು. ಯುದ್ಧಕಾಲದ ಫೋಕೆ-ವುಲ್ಫ್ ಫೈಟರ್‌ಗಳ ವಿನ್ಯಾಸಕಾರ ಅವರು. ಶಬ್ದವೇಗದ ಯುದ್ಧ ವಿಮಾನ ಎಚ್‌ಎಫ್-24 ಮಾರುತ್‌ನ ನಾಯಕತ್ವ ಅವರಿಗೆ ಹೋಯಿತು, 1961ರ ಜೂನ್‌ನಲ್ಲಿ ಅದು ಹಾರಿತು. ಪೇಪರ್‌ಗಳಲ್ಲಿ, ಪುಸ್ತಕಗಳಲ್ಲಿ ಆ ಕಾಲದ ಬಗ್ಗೆ ಏನೇ ಓದಿದ್ರೂ ಮಾರುತ್, ಟ್ಯಾಂಕ್, ಅಷ್ಟೇ. ಅದೇ ವರ್ಷಗಳಲ್ಲಿ ಘಾಟಗೆಯವರ ಕಡೆಯಿಂದ ಬಂದದ್ದು ಪುಷ್ಪಕ್ (1958), ಕೃಷಕ್ (1959). 90 ಅಶ್ವಶಕ್ತಿಯ ಪುಷ್ಪಕ್ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹೋಯಿತು, ಕೃಷಕ್ ಸೇನೆಗೆ ಮೇಲಿನಿಂದ ಕಾವಲು ನೋಡುವ ಕೆಲಸಕ್ಕೆ. ಸಾಮಾನ್ಯ ಜನ ಹಾರಲು ಕಲಿತ ವಿಮಾನಕ್ಕೆ ಸುದ್ದಿಯಲ್ಲಿ ಜಾಗ ಕಮ್ಮಿ. ಮಾರುತ್ ತನಗೆ ತಕ್ಕ ಎಂಜಿನ್ ಸಿಗದೆ ಕೊನೆವರೆಗೂ ಒದ್ದಾಡಿತು. ಇದ್ದ ಎಂಜಿನ್‌ಗೆ ತಕ್ಕ ವಿಮಾನ ಕಟ್ಟುವ ಘಾಟಗೆಯವರ ರೀತಿ ನಮಗಂತೂ ಹೆಚ್ಚು ಎಂಜಿನಿಯರಿಂಗ್ ಅನಿಸುತ್ತೆ. ಮೇಷ್ಟ್ರುಗಳಲ್ಲಿ ಕೆಲವರು ಇದನ್ನು ಒಪ್ಪಲ್ಲ, ಇರಲಿ.

ಅವರ ತಂಡದ ಜೆಟ್ ತರಬೇತಿ ವಿಮಾನ ಕಿರಣ್ 1964ರ ಸೆಪ್ಟೆಂಬರ್ 4ರಂದು ಸುರಂಜನ್ ದಾಸ್ ಕೈಯಲ್ಲಿ ಹಾರಿತು. ಎಚ್‌ಟಿ-2ನಲ್ಲಿ ಹಿಂದೆಮುಂದೆ ಇದ್ದ ಸೀಟುಗಳು ಇಲ್ಲಿ ಪಕ್ಕಪಕ್ಕಕ್ಕೆ ಬಂದವು, ಕಲಿಸುವವರು ಹುಡುಗನ ಕೈ ನೋಡಬಹುದಲ್ಲ. ಮರುವರ್ಷ ಘಾಟಗೆಯವರಿಗೆ ಪದ್ಮಶ್ರೀ ಬಂತು. 1991ರ ಡಿಸೆಂಬರ್ 6ರಂದು ತೀರಿಕೊಂಡರು.

ಐದು ವರ್ಷಕ್ಕೆ, 1996ರಲ್ಲಿ, ಬೀದರ್ ವಾಯುನೆಲೆಯಲ್ಲಿ ಸೂರ್ಯಕಿರಣ್ ತಂಡ ಹುಟ್ಟಿತು. ಕೆಂಪು ಬಿಳಿ ಬಣ್ಣದ ಒಂಬತ್ತು ಕಿರಣ್‌ಗಳು ರೆಕ್ಕೆಗೆ ರೆಕ್ಕೆ ತಾಗಿಸುವ ಹಾಗೆ ಹೋಗಿ ಲಾಗ ಹಾಕುತ್ತಿದ್ದವು. ಯಲಹಂಕದ ಏರೋ ಇಂಡಿಯಾದಲ್ಲಿ ಅದನ್ನು ನೋಡಲು ನಮ್ಮ ಸೀನಿಯರ್‌ಗಳ ಕಾಲದಲ್ಲಿ ತಿಪಟೂರಿನಿಂದ ಬೆಳಗಿನ ರೈಲು ಹತ್ತಿ ಹೋಗುತ್ತಿದ್ದರಂತೆ. 2011ರವರೆಗೆ ಆ ಆಟ ಕಿರಣ್‌ಗಳದ್ದೇ ಆಗಿತ್ತು.