2520 ಎಂಬ ಸಂಖ್ಯೆಯನ್ನು ಕಂಡುಹಿಡಿದವರು ರಾಮಾನುಜನ್ ಅವರೇ?

1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷವಿಲ್ಲದೆ ಭಾಗವಾಗುವ 2520 ಒಂದು ವಿಚಿತ್ರ ಸಂಖ್ಯೆ, ಅದನ್ನು ಕಂಡುಹಿಡಿದವರು ಶ್ರೀನಿವಾಸ ರಾಮಾನುಜನ್ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಭಾಗವಾಗುವುದು ನಿಜ, ಕಂಡುಹಿಡಿದದ್ದು ಸುಳ್ಳು.

1ರಿಂದ 10ರವರೆಗಿನ ಸಂಖ್ಯೆಗಳ ಲ.ಸಾ.ಅ. ತೆಗೆದರೆ ಬರುವುದೇ 2520. ನಾವೆಲ್ಲ ಶಾಲೆಯಲ್ಲಿ ಕಲಿತ ಲೆಕ್ಕ ಇದು. ಇದರ ಎರಡರಷ್ಟಾದ 5040ಕ್ಕೂ ಇದೇ ಗುಣವಿದೆ ಎಂಬುದನ್ನು ಗ್ರೀಸಿನ ಪ್ಲೇಟೋ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬರೆದಿದ್ದ.

ಹಾಗಾದರೆ ರಾಮಾನುಜನ್ ಮಾಡಿದ್ದೇನು?

ಅವರು ಹುಟ್ಟಿದ್ದು 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ, ಬೆಳೆದದ್ದು ಕುಂಭಕೋಣಂನಲ್ಲಿ. ಗಣಿತ ಬಿಟ್ಟು ಬೇರೆ ವಿಷಯಗಳ ಕಡೆ ಗಮನ ಕೊಡದೆ ಕಾಲೇಜಿನಲ್ಲಿ ನಪಾಸಾದರು, ವಿದ್ಯಾರ್ಥಿವೇತನವೂ ಹೋಯಿತು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ಗುಮಾಸ್ತರಾದರು. ಮರುವರ್ಷ ಕೇಂಬ್ರಿಡ್ಜ್‌ನ ಗಣಿತಜ್ಞ ಹಾರ್ಡಿ ಅವರಿಗೆ ಪತ್ರ ಬರೆದರು. 1914ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು.

ಅಲ್ಲಿ 1915ರಲ್ಲಿ ಪ್ರಕಟವಾದ ಅವರ ದೊಡ್ಡ ಪ್ರಬಂಧದ ವಿಷಯ 'ಹೈಲಿ ಕಾಂಪೊಸಿಟ್' ಸಂಖ್ಯೆಗಳು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳಿವು. 12ನ್ನೇ ನೋಡಿ: 1, 2, 3, 4, 6, 12 ಎಂದು ಆರು ಭಾಜಕಗಳಿವೆ. 12ಕ್ಕಿಂತ ಕೆಳಗೆ ಯಾವುದಕ್ಕೂ ಆರಿಲ್ಲ. 48 ಭಾಜಕಗಳಿರುವ 2520 ಕೂಡ ಇದೇ ಗುಂಪಿನದು. ಆದರೆ ರಾಮಾನುಜನ್ ಒಂದು ಸಂಖ್ಯೆಗೆ ನಿಲ್ಲಲಿಲ್ಲ. ಇಂಥ ಸಂಖ್ಯೆಗಳು ಹೇಗೆ ರಚನೆಯಾಗಿರುತ್ತವೆ ಎಂಬ ನಿಯಮಗಳನ್ನೇ ಸಾಧಿಸಿ ತೋರಿಸಿದರು.

ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅವರು ಕೊಟ್ಟ ಪಟ್ಟಿ 67,46,32,83,88,800ರವರೆಗೆ ಹೋಗುತ್ತದೆ. ಅಂದರೆ ಆರೂಮುಕ್ಕಾಲು ಲಕ್ಷ ಕೋಟಿಯ ಹತ್ತಿರ! ಇದನ್ನು ಒಡೆದರೆ 2 ಆರು ಸಲ, 3 ನಾಲ್ಕು ಸಲ, 5 ಮತ್ತು 7 ಎರಡೆರಡು ಸಲ, 11, 13, 17, 19, 23 ಒಂದೊಂದು ಸಲ ಸಿಗುತ್ತವೆ. ಪ್ರತಿ ಎಣಿಕೆಗೂ ಒಂದು ಕೂಡಿಸಿ ಗುಣಿಸಿ: 7×5×3×3×2×2×2×2×2. ಉತ್ತರ 10,080. ಅಷ್ಟು ಭಾಜಕಗಳು ಈ ಒಂದು ಸಂಖ್ಯೆಗೆ.

ಆ ಪಟ್ಟಿಯಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿದೆ: 2,93,31,86,25,600. ಮೇಲಿನ ದೊಡ್ಡ ಸಂಖ್ಯೆಯನ್ನು 23ರಿಂದ ಭಾಗಿಸಿದರೆ ಸಿಗುವುದೂ ಇದೇ! ನಿಮ್ಮ ಮೊಬೈಲ್ ಕ್ಯಾಲ್ಕ್ಯುಲೇಟರಿನಲ್ಲಿ ಪರೀಕ್ಷಿಸಿ ನೋಡಿ. ಕೈಯಲ್ಲಿ ಲೆಕ್ಕ ಹಾಕಿದ ಮನುಷ್ಯನೊಬ್ಬನ ಕಣ್ತಪ್ಪು ಇದು. ಇದರಿಂದ ಅವರ ಸಾಧನೆ ಕಿರಿದಾಗುವುದಿಲ್ಲ.

ಈ ಕೆಲಸಕ್ಕೆ 1916ರಲ್ಲಿ ಕೇಂಬ್ರಿಡ್ಜ್ ಅವರಿಗೆ ಪದವಿ ಕೊಟ್ಟಿತು. ಕಾಲೇಜಿನಲ್ಲಿ ನಪಾಸಾದವರಿಗೆ ಸಿಕ್ಕ ಪದವಿ! ಆದರೆ ಯುದ್ಧಕಾಲದಲ್ಲಿ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಗೆ ಹಣದ ಮುಗ್ಗಟ್ಟು ಇದ್ದುದರಿಂದ ಪ್ರಬಂಧ ಪೂರ್ತಿಯಾಗಿ ಅಚ್ಚಾಗಲಿಲ್ಲ. ಉಳಿದ ಭಾಗ ಬೆಳಕು ಕಂಡದ್ದು 1997ರಲ್ಲಿ.

ಅಷ್ಟರೊಳಗೆ ಅವರು ತೀರಿಕೊಂಡು 77 ವರ್ಷಗಳಾಗಿದ್ದವು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದ ಅವರು, ಕಾಯಿಲೆಯಿಂದ ಸೋತು 1919ರಲ್ಲಿ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ನಿಧನರಾದಾಗ ಅವರಿಗೆ ಬರೀ 32 ವರ್ಷ.

ಅಭಿಮಾನದಿಂದ ಹಂಚುವ ಆ ಫಾರ್ವರ್ಡ್ ರಾಮಾನುಜನ್ ಅವರಿಗೆ ಶಾಲಾ ಮಕ್ಕಳ ಲೆಕ್ಕವೊಂದರ ಶ್ರೇಯ ಕೊಟ್ಟು, ಅವರ ನಿಜವಾದ ಕೆಲಸವನ್ನೇ ಮರೆಮಾಡುತ್ತದೆ. ಮುಂದಿನ ಸಲ ಅದು ನಿಮ್ಮ ಗ್ರೂಪಿಗೆ ಬಂದರೆ, 2520ರ ಬದಲು ಈ ಕಥೆಯನ್ನು ಹಂಚಿ.