ದೇಹಚಲನೆಯನ್ನು ವಿದ್ಯೆಯನ್ನಾಗಿ ಮಾಡಿದ ಮಹಿಳೆ: ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್

ಪ್ರತಿ ವರ್ಷವೂ ಪರೀಕ್ಷಾಫಲವು ಹೊರಬಿದ್ದ ಮೇಲೆ ತಾಯಿತಂದೆಗಳು ನಮ್ಮ ಬಳಿಗೆ ಬಂದು, ಮಗಳನ್ನು ಮುಂದೆ ಯಾವ ವಿದ್ಯಾಭ್ಯಾಸಕ್ಕೆ ಸೇರಿಸಬೇಕೆಂದು ಆಲೋಚನೆ ಕೇಳುವುದುಂಟು. ವೈದ್ಯವಿದ್ಯೆಯ ಮಾತನ್ನಾಗಲಿ, ಅಧ್ಯಾಪಕವೃತ್ತಿಯ ಮಾತನ್ನಾಗಲಿ ಅವರು ಸಂತೋಷದಿಂದ ಆಡುತ್ತಾರೆ. ಆದರೆ ಮಗಳು ಮನುಷ್ಯದೇಹದ ಚಲನೆಯನ್ನೇ ಕಾಲೇಜಿನಲ್ಲಿ ಅಭ್ಯಾಸಮಾಡಬೇಕೆಂದು ಹಟಹಿಡಿದಿದ್ದಾಳೆಂದು ಹೇಳುವಾಗ ಅವರ ಧ್ವನಿಯು ತಗ್ಗುತ್ತದೆ. ಅದು ಓದೋ ಆಟವೋ, ಅದರಿಂದ ಹೆಣ್ಣುಮಗಳಿಗೆ ಗೌರವದ ಜೀವನವು ದೊರೆಯುವುದೋ ಇಲ್ಲವೋ ಎಂಬ ಸಂದೇಹವು ಅವರನ್ನು ಕಾಡುತ್ತದೆ. ಈ ಸಂದೇಹವನ್ನು ನಾವು ಹಗುರವಾಗಿ ಎಣಿಸಲಾರೆವು. ಅದಕ್ಕೆ ಉತ್ತರವಾಗಿ ಈ ಸ್ಮರಣ ಸಂಚಿಕೆಯಲ್ಲಿ ಒಬ್ಬ ಮಹಿಳೆಯ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸಲು ಉದ್ದೇಶಿಸಿದ್ದೇವೆ.

ಈಗ ಕಿನೀಸಿಯಾಲಜಿ ಎಂದು ಕರೆಯಲ್ಪಡುವ ಈ ಶಾಸ್ತ್ರವು, ಎಲುಬು ಕೀಲು ಸ್ನಾಯುಗಳು ಒಂದುಗೂಡಿ ನಡೆಯುವ, ಓಡುವ, ಬಾಗುವ, ಭಾರವೆತ್ತುವ ಕೆಲಸಗಳನ್ನು ಹೇಗೆ ನೆರವೇರಿಸುತ್ತವೆ ಎಂಬುದನ್ನು ಪರಿಶೀಲಿಸುತ್ತದೆ. ನಮ್ಮ ದೇಶದಲ್ಲಿಯೂ ಫಿಸಿಯೋಥೆರಪಿ ಮತ್ತು ದೈಹಿಕ ಶಿಕ್ಷಣದ ಪದವಿ ತರಗತಿಗಳಲ್ಲಿ ಇದು ಪಾಠದ ವಿಷಯವಾಗಿದೆ. ಇಂಥ ವಿದ್ಯೆಯನ್ನು ಹೆಣ್ಣುಮಕ್ಕಳು ಕಾಲೇಜಿನಲ್ಲಿ ಕ್ರಮವಾಗಿ ಕಲಿತು ಅದರಿಂದಲೇ ಜೀವನ ಸಾಗಿಸಬಹುದೆಂದು ಇಂಗ್ಲೆಂಡಿನ ಜನರಿಗೆ ಮೊಟ್ಟಮೊದಲು ಮಾಡಿ ತೋರಿಸಿದವಳೇ ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್.

ಈಕೆಯು 1849ನೆಯ ಇಸವಿ ಅಕ್ಟೋಬರ್ 7ರಂದು ಸ್ವೀಡನ್ ದೇಶದ ದಕ್ಷಿಣಭಾಗವಾದ ಸ್ಕೋನೆ ಪ್ರಾಂತದ ಹಮ್ಮರ್‌ಲುಂಡಾ ಎಂಬ ಹಳ್ಳಿಯಲ್ಲಿ ಒಬ್ಬ ರೈತನ ಮಗಳಾಗಿ ಜನಿಸಿದಳು. ಓದುಬರಹ ಬಲ್ಲ ಹೆಣ್ಣುಮಗಳಿಗೆ ಆ ಕಾಲದಲ್ಲಿ ತೆರೆದಿದ್ದ ದಾರಿಗಳು ಕೆಲವೇ. ಈಕೆಯು ಕೆಲವು ವರ್ಷ ಮನೆಪಾಠದ ಉಪಾಧ್ಯಾಯಿನಿಯಾಗಿದ್ದಳು. ಬಳಿಕ ನಾರ್ಡಿಸ್ಕ್ ಫಮಿಲ್ಯೆಬೋಕ್ ಎಂಬ ಸ್ವೀಡಿಷ್ ವಿಶ್ವಕೋಶದ ಕಾರ್ಯಾಲಯದಲ್ಲಿ ಕೆಲಸಮಾಡಿದಳು. ಅಲ್ಲಿಯೇ ನೆಲೆಸಿ ಪುಸ್ತಕಗಳ ನಡುವೆ ನಿಶ್ಚಿಂತೆಯಿಂದ ಕಾಲಕಳೆಯಬಹುದಾಗಿತ್ತು. ಆದರೆ 1879ರಲ್ಲಿ, ವಯಸ್ಸು ಮೂವತ್ತನ್ನು ಸಮೀಪಿಸುತ್ತಿರಲು, ಆಕೆಯು ಸ್ಟಾಕ್‌ಹೋಮ್ ನಗರದ ರಾಜಕೀಯ ಕೇಂದ್ರ ವ್ಯಾಯಾಮ ವಿದ್ಯಾಲಯಕ್ಕೆ ವಿದ್ಯಾರ್ಥಿನಿಯಾಗಿ ಸೇರಿದಳು.

ಆ ವಿದ್ಯಾಲಯದ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕಾಗಿದೆ. ಅದನ್ನು 1813ರಲ್ಲಿ ಸ್ಥಾಪಿಸಿದವನು ಪೇರ್ ಹೆನ್ರಿಕ್ ಲಿಂಗ್ ಎಂಬವನು. ಈತನು ಲುಂಡ್ ವಿಶ್ವವಿದ್ಯಾನಿಲಯದಲ್ಲಿ ಕತ್ತಿವರಸೆಯ ಶಿಕ್ಷಕನಾಗಿದ್ದನು. ವ್ಯಾಯಾಮವು ಕೇವಲ ಬಲಪ್ರದರ್ಶನವಲ್ಲ, ಶರೀರದ ರಚನೆಯನ್ನು ತಿಳಿದು ಅದಕ್ಕೆ ತಕ್ಕಂತೆ ವಿಧಿಸತಕ್ಕ ಕ್ರಮವು ಎಂಬುದು ಆತನ ಸಿದ್ಧಾಂತವಾಗಿತ್ತು. ಯಾವ ಚಲನೆಯಿಂದ ಯಾವ ಸ್ನಾಯುವು ಬಲಗೊಳ್ಳುವುದು, ಉಸಿರಾಟಕ್ಕೂ ಹೃದಯಕ್ಕೂ ಅದರಿಂದಾಗುವ ಪರಿಣಾಮವೇನು ಎಂದು ವಿಚಾರಮಾಡಿ, ಸುಲಭವಾದುದರಿಂದ ಕಠಿಣವಾದುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕೊಂಡೊಯ್ಯುವುದು ಈ ಪದ್ಧತಿಯ ಲಕ್ಷಣ. ರೋಗಿಗಳ ಚಿಕಿತ್ಸೆಗಾಗಿಯೂ ಪ್ರತ್ಯೇಕ ಚಲನೆಗಳನ್ನು ಅಲ್ಲಿ ಕಲಿಸುತ್ತಿದ್ದರು. 1864ರಿಂದ ಈಚೆಗೆ ಸ್ತ್ರೀಯರಿಗೂ ಅಲ್ಲಿ ಶಿಕ್ಷಣವು ದೊರೆಯುತ್ತಿತ್ತು.

ಮಾರ್ಟಿನಾ ಬರ್ಗ್‌ಮನ್ನಳು ಅಲ್ಲಿ ತನ್ನ ಅಭ್ಯಾಸವನ್ನು ಮುಗಿಸುವ ವೇಳೆಗೆ ಲಂಡನ್ ಸ್ಕೂಲ್ ಬೋರ್ಡಿನವರು ತಮ್ಮ ಹೆಣ್ಣುಮಕ್ಕಳ ಮತ್ತು ಶಿಶುಗಳ ಶಾಲೆಗಳಲ್ಲಿ ಸ್ವೀಡಿಷ್ ವ್ಯಾಯಾಮವನ್ನು ಆಗಲೇ ಪ್ರಾರಂಭಿಸಿದ್ದರು. ಕನ್‌ಕಾರ್ಡಿಯಾ ಲೊಫ್ವಿಂಗ್ ಎಂಬ ಸ್ವೀಡಿಷ್ ಮಹಿಳೆಯು ಆ ಕಾರ್ಯವನ್ನು ನಡೆಸುತ್ತಿದ್ದು, ಆಕೆಯು ಬಿಟ್ಟುಹೋದ ಸ್ಥಾನಕ್ಕೆ 1881ರಲ್ಲಿ ಮಾರ್ಟಿನಾಳು ನೇಮಕಹೊಂದಿದಳು. ಪರದೇಶ, ಪರಭಾಷೆ, ಇಕ್ಕಟ್ಟಾದ ಶಾಲೆಗಳು. ಆದರೂ ಆರು ವರ್ಷಗಳೊಳಗೆ ಸುಮಾರು 1300 ಮಂದಿ ಅಧ್ಯಾಪಿಕೆಯರಿಗೆ ಈ ಪದ್ಧತಿಯನ್ನು ಕಲಿಸಿ, ಸುಮಾರು 300 ಶಾಲೆಗಳಲ್ಲಿ ಅದನ್ನು ಆಚರಣೆಗೆ ತಂದಳು.

ಆದರೆ ಈ ಕೆಲಸದ ಮಿತಿಯನ್ನೂ ಆಕೆಯು ಕಂಡುಕೊಂಡಳು. ಅಧ್ಯಾಪಿಕೆಯರು ದಿನದ ದುಡಿಮೆಯ ಮೇಲೆ ಬಿಡುವಿನಲ್ಲಿ ಕಲಿತುಕೊಂಡ ಅಷ್ಟಿಷ್ಟು ಕವಾಯತಿನಿಂದ ಶಾಸ್ತ್ರವು ನೆಲೆಗೊಳ್ಳಲಾರದು. ಹೊಟ್ಟೆಗೆ ಸಾಲದ ಬಡಮಕ್ಕಳಿಗೆ ಬರಿಯ ವ್ಯಾಯಾಮದಿಂದ ಆರೋಗ್ಯವು ಬಾರದು. ವೈದ್ಯನಿಗೆ ವೈದ್ಯಶಾಲೆಯಿರುವಂತೆ ಈ ವಿದ್ಯೆಗೂ ಪೂರ್ಣಕಾಲದ ಕಾಲೇಜೊಂದು ಬೇಕೆಂದು ನಿಶ್ಚಯಿಸಿ, 1885ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ತನ್ನ ಸ್ವಂತ ಪ್ರಯತ್ನದಿಂದ ತರುಣಿಯರಿಗಾಗಿ ಒಂದು ಶಿಕ್ಷಣಶಾಲೆಯನ್ನು ತೆರೆದಳು. ಮೊದಲು ಸೇರಿದವರು ಬೆರಳೆಣಿಕೆಯಷ್ಟು ಮಂದಿ ಮಾತ್ರ. ಮರುವರ್ಷ ಸ್ವದೇಶದವನೇ ಆದ ಓಸ್ಟರ್‌ಬರ್ಗ್ ಎಂಬ ವಿದ್ವಾಂಸನನ್ನು ವಿವಾಹವಾಗಿ, ತನ್ನ ಹೆಸರನ್ನು ಬಿಡದೆ ಪತಿಯ ಹೆಸರನ್ನೂ ಕೂಡಿಸಿಕೊಂಡಳು. ವಿವಾಹವು ಕಾಲೇಜಿನ ಕಾರ್ಯಕ್ಕೆ ಅಡ್ಡಿಯಾಗಲಿಲ್ಲ. ವಿದ್ಯಾರ್ಥಿನಿಯರಿಗೆಲ್ಲ ಆಕೆಯು ಮೇಡಂ ಎಂದೇ ಪರಿಚಿತಳಾಗಿದ್ದಳು.

ಅಲ್ಲಿನ ಶಿಕ್ಷಣಕ್ರಮವು ಎರಡು ವರ್ಷಗಳದಾಗಿತ್ತು. ತಾಯಿತಂದೆಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನಾವು ಬೇಡುತ್ತೇವೆ. ಆ ತರುಣಿಯರು ಅಂಗರಚನಾಶಾಸ್ತ್ರ, ಶರೀರವಿಜ್ಞಾನ ಮತ್ತು ಆರೋಗ್ಯಶಾಸ್ತ್ರಗಳನ್ನು ಓದಬೇಕಾಗಿತ್ತು. ಚಲನೆಯ ತತ್ತ್ವವನ್ನು ತಿಳಿದು, ಬೆನ್ನೆಲುಬು ಡೊಂಕಾದ ಮಕ್ಕಳಿಗೆ ತಕ್ಕ ವ್ಯಾಯಾಮವನ್ನು ವಿಧಿಸಲೂ ಅಂಗಮರ್ದನ ಮಾಡಲೂ ಕಲಿಯಬೇಕಾಗಿತ್ತು. ಇದರ ಮೇಲೆ ನೃತ್ಯ, ಈಜು, ಹಾಕಿ, ಕ್ರಿಕೆಟ್ ಮೊದಲಾದವು. ಸುತ್ತಲಿನ ಶಾಲೆಗಳಿಗೆ ಹೋಗಿ ಪಾಠಮಾಡಿ ತೋರಿಸುವುದೂ ಇದ್ದಿತು. ಓದಿನಲ್ಲಿ ಹಿಂದುಳಿದವರು ಮೈದಾನದಲ್ಲಿ ಕಾಲಕಳೆಯುವ ಸ್ಥಳವು ಅದಾಗಿರಲಿಲ್ಲ.

ಆ ಕಾಲದಲ್ಲಿ ಇಂಗ್ಲೆಂಡಿನ ಕುಲೀನ ಸ್ತ್ರೀಯರು ನಡುವನ್ನು ಬಿಗಿದು ಕಟ್ಟುವ ಕಾರ್ಸೆಟ್ ಎಂಬ ಒಳ ಉಡುಪನ್ನು ಧರಿಸುತ್ತಿದ್ದರು. ಉಸಿರನ್ನು ತಡೆಯುವ ಆ ಬಂಧನಕ್ಕೆ ಮೇಡಂ ತನ್ನ ಕಾಲೇಜಿನಲ್ಲಿ ಸ್ಥಳಕೊಡಲಿಲ್ಲ. ಆಕೆಯ ಶಿಷ್ಯೆಯಾದ ಮೇರಿ ಟೇಟ್ ಎಂಬವಳು 1890ರ ದಶಕದಲ್ಲಿ, ಭುಜದಿಂದ ಇಳಿಬಿಟ್ಟು ನೆರಿಗೆ ಹಿಡಿದ ತೋಳಿಲ್ಲದ ಸಡಿಲ ಉಡುಪೊಂದನ್ನು ಯೋಜಿಸಿದಳೆಂದು ಪ್ರಸಿದ್ಧಿಯಿದೆ. ಜಿಮ್‌ಸ್ಲಿಪ್ ಎಂಬ ಹೆಸರಿನಿಂದ ಅದು ಶಾಲೆಯಿಂದ ಶಾಲೆಗೆ ಹರಡಿತು. ನಮ್ಮ ನಾಡಿನ ಅನೇಕ ಶಾಲೆಗಳ ಹುಡುಗಿಯರು ಇಂದಿಗೂ ಧರಿಸುವ ಪಿನಾಫೋರ್ ಇದರ ಬಳಗಕ್ಕೇ ಸೇರಿದುದು. ನೆಟ್‌ಬಾಲ್ ಆಟದ ಕಥೆಯೂ ಇಂಥದೇ. ಅಮೆರಿಕದಲ್ಲಿ 1891ರಲ್ಲಿ ಹುಟ್ಟಿದ ಬ್ಯಾಸ್ಕೆಟ್‌ಬಾಲ್ ಆಟವು ಈ ಕಾಲೇಜಿನ ತರುಣಿಯರ ಕೈಗೆ ಬಂದು, ಬುಟ್ಟಿಯ ಬದಲು ಬಳೆಯನ್ನು ಕಂಬಕ್ಕೆ ಜೋಡಿಸಿಕೊಂಡು, ಬೇರೊಂದು ಆಟವಾಗಿ ಬೆಳೆಯಿತು.

1895ರಲ್ಲಿ ಕಾಲೇಜು ಕೆಂಟ್ ಪ್ರಾಂತದ ಡಾರ್ಟ್‌ಫರ್ಡ್‌ನಲ್ಲಿರುವ ವಿಶಾಲವಾದ ಕಿಂಗ್ಸ್‌ಫೀಲ್ಡ್ ಎಂಬ ನಿವೇಶನಕ್ಕೆ ಹೋಯಿತು. ಅಲ್ಲಿಂದ ಹೊರಟ ತರುಣಿಯರು ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ಅಧ್ಯಾಪಿಕೆಯರಾದರು. ತಾವೇ ಕಾಲೇಜುಗಳನ್ನು ಸ್ಥಾಪಿಸಿದವರೂ ಉಂಟು. ರೋಡಾ ಆನ್‌ಸ್ಟಿ ಎಂಬವಳು 1897ರಲ್ಲಿಯೂ, ಮಾರ್ಗರೆಟ್ ಸ್ಟಾನ್ಸ್‌ಫೀಲ್ಡ್ ಎಂಬವಳು 1903ರಲ್ಲಿ ಬೆಡ್‌ಫರ್ಡ್‌ನಲ್ಲಿಯೂ ಇಂಥ ಕಾಲೇಜುಗಳನ್ನು ತೆರೆದರು. ಒಂದು ದೀಪದಿಂದ ಹಲವು ದೀಪಗಳು ಹೊತ್ತಿಕೊಂಡವು.

ಈ ಮಹಿಳೆಯ ಗುಣಗಳನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅದು ಸತ್ಯಕ್ಕೆ ಕೊರತೆಯಾದೀತು. ಆಕೆಯ ಕಾಲೇಜಿನ ವೆಚ್ಚವನ್ನು ಉಳ್ಳವರ ಮನೆಯ ಹೆಣ್ಣುಮಕ್ಕಳು ಮಾತ್ರ ಭರಿಸಬಲ್ಲವರಾಗಿದ್ದರು. ಲಂಡನ್ನಿನ ಬಡಶಾಲೆಗಳಲ್ಲಿ ಕೆಲಸವನ್ನಾರಂಭಿಸಿದವಳು ಕೊನೆಗೆ ಸ್ಥಿತಿವಂತರ ನಡುವೆ ನೆಲೆಗೊಂಡಳು. ಆಕೆಯ ಶಿಸ್ತು ಕಠೋರವಾಗಿತ್ತು. ತನ್ನ ಅಭಿಪ್ರಾಯವೇ ನಡೆಯಬೇಕೆಂಬ ಛಲವೂ ಇದ್ದಿತು. 1899ರಲ್ಲಿ ಆಕೆಯ ಹಳೆಯ ವಿದ್ಯಾರ್ಥಿನಿಯರು ಮುಂದೆ ನಿಂತು ಲಿಂಗ್ ಅಸೋಸಿಯೇಷನ್ ಎಂಬ ವೃತ್ತಿಸಂಘವನ್ನು ಏರ್ಪಡಿಸಿದಾಗ ಮೇಡಂ ಅದರೊಡನೆ ಸೇರಲಿಲ್ಲ. ತನ್ನ ಶಿಷ್ಯೆಯರಿಗಾಗಿ ತನ್ನ ಹೆಸರಿನದೇ ಬೇರೊಂದು ಸಂಘವನ್ನು ಏರ್ಪಡಿಸಿದಳು. ಆದರೂ ಲಿಂಗ್ ಅಸೋಸಿಯೇಷನ್ ಬೆಳೆದು, 1901ರಲ್ಲಿ ನೆಟ್‌ಬಾಲ್ ಆಟದ ನಿಯಮಗಳನ್ನು ಅಚ್ಚುಹಾಕಿಸಿತು. ಮಕ್ಕಳನ್ನು ನೆಟ್ಟನೆ ನಿಲ್ಲಲು ಕಲಿಸಿದ ಮೇಲೆ ಅವರು ತಮ್ಮ ಕಾಲಿನಿಂದಲೇ ನಡೆದುಹೋಗುವುದನ್ನು ಕಂಡು ನೊಂದುಕೊಳ್ಳಬಾರದು. ಈ ಪಾಠವನ್ನು ನಾವು ಮೊದಲು ನಮಗೇ ಹೇಳಿಕೊಳ್ಳುತ್ತೇವೆ, ಏಕೆಂದರೆ ಉಪಾಧ್ಯಾಯಿನಿಯರಾದ ನಮ್ಮೆಲ್ಲರಲ್ಲಿಯೂ ಈ ದೌರ್ಬಲ್ಯವು ಸ್ವಲ್ಪಮಟ್ಟಿಗೆ ಇದ್ದೇ ಇದೆ.

ಆದರೆ ಕೊನೆಗಾಲದಲ್ಲಿ ಆಕೆಯು ಮಾಡಿದ ಕಾರ್ಯವು ಈ ಕುಂದನ್ನು ಮರೆಯಿಸುವಂಥದು. ಸ್ವೀಡನ್ನಿನ ಸ್ತ್ರೀಯರ ಮತಾಧಿಕಾರದ ಪ್ರಯತ್ನಕ್ಕೆ ಆಕೆಯು ಒತ್ತಾಸೆಯಾಗಿದ್ದಳು. ತನ್ನ ದುಡಿಮೆಯಿಂದ ಕಟ್ಟಿದ, ತನ್ನ ಸ್ವಂತ ಆಸ್ತಿಯಾಗಿದ್ದ ಕಾಲೇಜನ್ನು ಮಾರಿಕೊಳ್ಳಲಿಲ್ಲ. 1915ರಲ್ಲಿ ಅದನ್ನು ಧರ್ಮದರ್ಶಿಗಳಿಗೆ ಒಪ್ಪಿಸಿ ದೇಶಕ್ಕೆ ಕೊಡುಗೆಯಾಗಿ ಬಿಟ್ಟುಕೊಟ್ಟಳು. ಅದೇ ವರ್ಷ ಜುಲೈ 29ರಂದು ತನ್ನ ಅರುವತ್ತೈದನೆಯ ವಯಸ್ಸಿನಲ್ಲಿ ಕಾಲವಶಳಾದಳು. ಆ ಕಾಲೇಜು ಕಾಲಾಂತರದಲ್ಲಿ ಥೇಮ್ಸ್ ಪಾಲಿಟೆಕ್ನಿಕ್ಕಿನಲ್ಲಿ ಲೀನವಾಯಿತು. ಆ ಸಂಸ್ಥೆಯು 1992ರಲ್ಲಿ ಗ್ರೀನಿಚ್ ವಿಶ್ವವಿದ್ಯಾನಿಲಯವಾಯಿತು. ಕಾಲೇಜಿನ ಹೆಸರು ಮರೆಯಾದರೂ ಆಕೆಯು ಹಾಕಿದ ದಾರಿಯಲ್ಲಿ ನಡೆಯುವವರ ಸಂಖ್ಯೆಯು ಕಡಿಮೆಯಾಗಲಿಲ್ಲ.

ಈಗ ನಮ್ಮಲ್ಲಿಗೆ ಬರುವ ತಾಯಿತಂದೆಗಳಿಗೆ ನಾವು ಹೇಳಬಯಸುವುದಿಷ್ಟೇ. ಮಗಳು ಈ ವಿದ್ಯೆಯನ್ನು ಬಯಸಿದರೆ, ಆಟದ ಹುಚ್ಚೆಂದು ತಳ್ಳಿಬಿಡುವುದಕ್ಕೆ ಮುಂಚೆ ಆಕೆಯ ಪಠ್ಯಪುಸ್ತಕವನ್ನು ಒಮ್ಮೆ ತೆರೆದು ನೋಡಿರಿ. ಅದರಲ್ಲಿ ಎಲುಬುಗಳ ಹೆಸರುಗಳಿವೆ, ಸನ್ನೆಕೋಲಿನ ಲೆಕ್ಕಗಳಿವೆ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ಅಜ್ಜಿಯನ್ನು ಎಬ್ಬಿಸಿ ಮತ್ತೆ ನಾಲ್ಕು ಹೆಜ್ಜೆ ನಡೆಯಿಸುವವಳು ಇದನ್ನೇ ಓದಿರುತ್ತಾಳೆ. ವೆಚ್ಚದ ಮಾತೂ, ಉದ್ಯೋಗದ ಮಾತೂ ವಿಚಾರಿಸತಕ್ಕವೇ, ಅವನ್ನು ಅವಶ್ಯವಾಗಿ ವಿಚಾರಿಸಿರಿ. ಆದರೆ ಧ್ವನಿಯನ್ನು ಮಾತ್ರ ತಗ್ಗಿಸಬೇಡಿರಿ.

ಹಳೆಯ ವಿದ್ಯಾರ್ಥಿನಿಯರೇ, ಮುಂಜಾನೆಯ ಕವಾಯತಿನ ಸಾಲಿನಲ್ಲಿ ನಿಂತು ಕೈಗಳನ್ನು ಮೇಲಕ್ಕೆತ್ತಿ ಉಸಿರನ್ನು ಒಳಗೆಳೆದುಕೊಂಡ ದಿನಗಳು ನಿಮಗೆ ನೆನಪಿರಬಹುದು. ಆಗ ನಿಮಗೆ ಅದು ಬೇಸರದ ಕೆಲಸವಾಗಿಯೂ ತೋರಿರಬಹುದು. ಆ ಸರಳವಾದ ಚಲನೆಯ ಹಿಂದೆ ಒಂದು ಶಾಸ್ತ್ರವಿತ್ತು. ಆ ಶಾಸ್ತ್ರವು ಹೆಣ್ಣುಮಕ್ಕಳ ಕೈಗೆ ಬರುವಂತೆ ಒಬ್ಬ ರೈತನ ಮಗಳು ಮೂವತ್ತು ವರ್ಷಗಳಿಗೂ ಮಿಗಿಲಾಗಿ ದುಡಿದಳು. ಈಗ ನಿಮ್ಮ ಹೆಣ್ಣುಮಕ್ಕಳು ನೆಟ್ಟನೆ ನಿಂತು ನಡೆಯುವಾಗ ಆಕೆಯನ್ನು ಒಮ್ಮೆ ಸ್ಮರಿಸಿರಿ ಎಂದು ಕೋರಿ ನಾವು ಈ ಬರಹವನ್ನು ಮುಗಿಸುತ್ತೇವೆ.